ಬರಿಗೈಯಲ್ಲಿ ಬರುತ್ತಿದ್ದ ಮೇಷ್ಟ್ರು

ಕಿವಿ ಕೇಳದ ಮಕ್ಕಳ ಶಿಕ್ಷಣವೆಂಬ ಕ್ಷೇತ್ರದಲ್ಲಿ ಗ್ರಂಥ ಬರೆದವರಿದ್ದಾರೆ, ಉಪಕರಣ ಕಂಡುಹಿಡಿದವರಿದ್ದಾರೆ, ಶಾಲೆ ಕಟ್ಟಿ ಬೆಳೆಸಿದವರಿದ್ದಾರೆ. ಅವರೆಲ್ಲರಿಗೂ ಸಲ್ಲಬೇಕಾದ ಗೌರವ ಸಲ್ಲಲಿ. ಆದರೆ ಇನ್ನೂ ಹಲ್ಲು ಮೂಡದ, ಎದ್ದು ನಿಲ್ಲಲು ಬಾರದ, ತೊಟ್ಟಿಲಿನಿಂದಾಚೆಯ ಲೋಕವನ್ನೇ ಕಾಣದ ಕೂಸುಗಳಿಗೆ ಸನ್ನೆ ಭಾಷೆ ಕಲಿಸುವುದನ್ನೇ ಜೀವಮಾನದ ವೃತ್ತಿಯಾಗಿ ಹಿಡಿದು, ಮೂವತ್ತನಾಲ್ಕು ವರ್ಷ ಮನೆಯಿಂದ ಮನೆಗೆ ಮೆಟ್ಟಿಲು ಹತ್ತಿ ಇಳಿದು, ಆ ಬಗ್ಗೆ ಒಂದು ಪುಟವನ್ನೂ ಬರೆಯದೆ ನಿವೃತ್ತರಾದವರು ನಾನು ಕಂಡಂತೆ ನಮ್ಮ ಶ್ರವಣ ಕೇಂದ್ರದ ಶಿಶು ವಿಭಾಗದ ಮೇಷ್ಟ್ರು ಒಬ್ಬರೇ. ಒಂದು ಪುಟವನ್ನೂ ಬರೆಯದೆ ಎಂಬುದನ್ನು ನಾನು ಅಲಂಕಾರಕ್ಕೆ ಹೇಳುತ್ತಿಲ್ಲ. ಅವರು ತುಂಬಬೇಕಾಗಿದ್ದ ಭೇಟಿ ವರದಿಗಳನ್ನು ಹೆಚ್ಚು ಕಡಿಮೆ ಇಪ್ಪತ್ತೈದು ವರ್ಷ ತುಂಬಿದವಳು ನಾನು.

ಮೇಷ್ಟ್ರ ಈ ಅಭಿನಂದನ ಸಂಪುಟದ ಸಂಪಾದಕ ಸಮಿತಿಯ ಎಳೆಯರು ನನ್ನ ಕೋಣೆಗೆ ಬಂದು, "ಮೇಡಂ, ಮೇಷ್ಟ್ರ ಬಗ್ಗೆ ನಿಮಗಿಂತ ಚೆನ್ನಾಗಿ ಯಾರು ಬರೀತಾರೆ?" ಎಂದಾಗ ನನಗೆ ನಗು ತಡೆಯಲಾಗಲಿಲ್ಲ. ಪಾಪ, ಅವರಿಗೆ ಗೊತ್ತಿಲ್ಲ. ಮೇಷ್ಟ್ರ ಬಗ್ಗೆ ನಾನು ಈ ಮೊದಲೇ ಒಂದು ಬರಹ ಬರೆದಿದ್ದೇನೆ. ಒಂದೂವರೆ ಪುಟದ್ದು, ಮೂರು ಪ್ರತಿ ಟೈಪ್ ಮಾಡಿಸಿ, ಪ್ರತಿಯೊಂದಕ್ಕೂ ಸಹಿ ಹಾಕಿ ನಿರ್ದೇಶಕರ ಮೇಜಿಗೆ ಸಲ್ಲಿಸಿದ್ದು. ಅದು ಅವರ ಮೇಲಿನ ದೂರು. ಅದರ ದೆಸೆಯಿಂದ ಮೇಷ್ಟ್ರು ಆರು ತಿಂಗಳು ದಾಖಲೆ ಕೋಣೆಯಲ್ಲಿ ಧೂಳು ಕುಡಿದರು. ಹಾಗಾಗಿ ಇದು ನನ್ನ ಮೊದಲ ಲೇಖನವಲ್ಲ. ಇದನ್ನು ಅಭಿನಂದನೆ ಎಂದಾದರೂ ಓದಿ, ತಪ್ಪೊಪ್ಪಿಗೆ ಎಂದಾದರೂ ಓದಿ, ನನ್ನ ತಕರಾರಿಲ್ಲ.

ಮಕ್ಕಳಿರುವ ಮನೆಗೆ ಬರಿಗೈಯಲ್ಲಿ ಹೋಗಬಾರದು ಎಂದು ಹಿರಿಯರು ಹೇಳುತ್ತಾರೆ. ಮೇಷ್ಟ್ರದು ಪೂರಾ ಉಲ್ಟಾ. ಮಗುವಿರುವ ಮನೆಗೆ ಬರಿಗೈಯಲ್ಲೇ ಹೋಗಬೇಕು ಎಂಬುದು ಅವರ ನೇಮ. ಚೀಲವಿಲ್ಲ, ಚಿತ್ರಪಟವಿಲ್ಲ, ಗೊಂಬೆಯಿಲ್ಲ. ಹಾಜರಿ ಪುಸ್ತಕ ಎರಡು ಮಡಿಕೆಯಾಗಿ ಅಂಗಿಯ ಜೇಬಿನಲ್ಲಿ. ಮಳೆ ಬಂದರೆ ಮೊಣಕಾಲಿನವರೆಗೆ ಇಳಿಯುವ ರೈನ್‌ಕೋಟು, ಏಕೆಂದರೆ ಕೊಡೆ ಹಿಡಿದರೆ ಒಂದು ಕೈ ಅದಕ್ಕೇ ಹೋಯಿತು. ಕಿವಿ ಚೆನ್ನಾಗಿಯೇ ಕೇಳುವ ನಮ್ಮೊಂದಿಗೆ ಕಚೇರಿಯಲ್ಲಿ ಹರಟುವಾಗಲೂ ಟೀ ಲೋಟವನ್ನು ಮೊದಲು ಮೇಜಿನ ಮೇಲಿಟ್ಟು ಆಮೇಲೆ ಬಾಯಿ ತೆರೆಯುತ್ತಿದ್ದರು. ಮಾತು ಶುರುವಾದರೆ ಮುಗಿಯುವ ಜಾತಿಯಲ್ಲವಾದ್ದರಿಂದ ಮೂವತ್ತನಾಲ್ಕು ವರ್ಷದಲ್ಲಿ ಅವರು ಒಮ್ಮೆಯಾದರೂ ಬಿಸಿ ಟೀ ಕುಡಿದದ್ದನ್ನು ಕಂಡವರಿಲ್ಲ.

ಅವರು ಕೇಂದ್ರಕ್ಕೆ ಸೇರಿದಾಗ ಇಪ್ಪತ್ತಾರರ ಪ್ರಾಯ. ಹುಟ್ಟಿನಿಂದಲೇ ಕಿವಿ ಕೇಳದ ಅಕ್ಕನ ಜೊತೆ ಬೆಳೆದವರಾದ್ದರಿಂದ ಸನ್ನೆ ಭಾಷೆ ಅವರಿಗೆ ಮನೆಮಾತು. ಆಗ ನಮ್ಮಲ್ಲಿ ಪಾಠವೆಂದರೆ ಐದು ವರ್ಷದ ಮೇಲಿನ ಮಕ್ಕಳಿಗೆ. ಕೂಸಿಗೆಂಥ ಪಾಠ ಎಂದು ನಕ್ಕವರೇ ಎಲ್ಲ. ಮೇಷ್ಟ್ರು ವಾದಕ್ಕೆ ನಿಲ್ಲಲಿಲ್ಲ. ಕೂಸಿನ ಪಕ್ಕದಲ್ಲಿ ನೆಲಕ್ಕೆ ಬೆನ್ನು ಹಚ್ಚಿ ಮಲಗಿ, ಅದಕ್ಕೆ ಏನೇನು ಕಾಣುತ್ತದೆಂದು ಮೊದಲು ತಾವು ನೋಡುತ್ತಿದ್ದರು. ಬಾಯಿ ತೊದಲುವ ಹಾಗೆಯೇ ಕೈಯೂ ತೊದಲುತ್ತದೆ, ಆ ತೊದಲಿಗೆ ಯಾರಾದರೂ ಉತ್ತರ ಕೊಡುತ್ತಿರಬೇಕು ಎಂಬುದಷ್ಟೇ ಅವರ ಸಿದ್ಧಾಂತ. ತಾಯಂದಿರಿಗೆ ಅವರು ಹೇಳಿಕೊಡುತ್ತಿದ್ದುದೂ ಬಹಳ ಸರಳ: ಮಗು ನಿಮ್ಮ ಕಡೆ ತಿರುಗುವವರೆಗೆ ಕಾಯಿರಿ, ತಿರುಗದಿದ್ದರೆ ನೀವೇ ಅದರ ಕಣ್ಣಿನ ಎದುರಿಗೆ ಹೋಗಿ, ಸನ್ನೆಯನ್ನು ಬೇಕಾದರೆ ಮಗುವಿನ ಕೆನ್ನೆಯ ಮೇಲೆ, ಹೊಟ್ಟೆಯ ಮೇಲೆಯೇ ಮಾಡಿ. ಆ ದಿನಗಳ ಬಗ್ಗೆ ಈ ಸಂಪುಟದಲ್ಲಿ ಬೇರೆಯವರು ಬರೆದಿದ್ದಾರೆ. ನಾನು ಬಂದದ್ದು ಎಂಟು ವರ್ಷಗಳ ಅನಂತರ.

ಬಂದದ್ದಲ್ಲ, ಇಳಿದದ್ದು ಎನ್ನಬೇಕು. ತರಬೇತಿಯಲ್ಲಿ ಮೊದಲ ದರ್ಜೆ, ವಯಸ್ಸು ಇಪ್ಪತ್ನಾಲ್ಕು, ಹುದ್ದೆ ಮನೆ ಭೇಟಿಗಳ ಮೇಲ್ವಿಚಾರಕಿ, ಕೋಪ ಮೂಗಿನ ತುದಿಯಲ್ಲಿ. ಎಲ್ಲದಕ್ಕೂ ಒಂದೊಂದು ಫಾರಂ ಮಾಡಿಸಿದ್ದರಿಂದ ಒಂದೇ ತಿಂಗಳಲ್ಲಿ ನನಗೆ 'ಫಾರಂ ಮೇಡಂ' ಎಂಬ ಹೆಸರು ಬಿದ್ದಿತು. ಆ ಹೆಸರು ಇವತ್ತಿಗೂ ಹೋಗಿಲ್ಲ, ನಾನೂ ಬಿಟ್ಟಿಲ್ಲ. ಮೇಷ್ಟ್ರ ಕಡತದಲ್ಲಿ ಭೇಟಿ ವರದಿಗಳೆಲ್ಲ ಖಾಲಿ ಇದ್ದುದನ್ನು ಕಂಡು, ಮುನ್ಸೂಚನೆ ಕೊಡದೆ ಅವರು ಹೋಗುವ ಒಂದು ಮನೆಗೆ ನಾನೂ ಹೊರಟೆ.

ಮೂರನೇ ಮಹಡಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ಮನೆಯ ಯಜಮಾನ ಲಾರಿ ಚಾಲಕ, ವಾರಕ್ಕೊಮ್ಮೆ ಮನೆ ಸೇರುವವನು. ಮನೆಯಲ್ಲಿದ್ದವರು ಅವನ ಹೆಂಡತಿ, ತಾಯಿ ಮತ್ತು ಒಂದು ವರ್ಷದ ಹೆಣ್ಣು ಕೂಸು. ಹೆಂಡತಿ ಅಂಗಿಗಳ ಕಾರ್ಖಾನೆಯಿಂದ ಮನೆಗೇ ಕೆಲಸ ತರಿಸಿಕೊಂಡು ಗುಂಡಿ ಹೊಲಿಯುತ್ತಿದ್ದಳು. ಕೋಣೆಯ ಅರ್ಧಕ್ಕೆ ಅಂಗಿಗಳ ರಾಶಿ. ಆ ರಾಶಿಯ ಪಕ್ಕದಲ್ಲೇ ಬೆಳೆಯುತ್ತಿದ್ದ ಕೂಸನ್ನು ಅಜ್ಜಿ 'ಗುಂಡಿ' ಎಂದೇ ಕರೆಯುತ್ತಿದ್ದರು. ಹುಟ್ಟಿನಿಂದ ಎರಡು ಕಿವಿಯೂ ಕೇಳದ ಮಗು.

ಬಾಗಿಲು ತೆರೆದೇ ಇತ್ತು. ಮಗುವಿನ ತಾಯಿ ಸಿಂಕಿನ ಮುಂದೆ ಕೈ ತುಂಬ ಸೋಪಿನ ನೊರೆ ಮಾಡಿಕೊಂಡು ನಿಂತಿದ್ದಳು. ಮಗು ನೆಲ ಬಡಿದು ಅವಳತ್ತ ತೋಳು ಚಾಚಿತ್ತು. ಮೇಷ್ಟ್ರು ಅಂಗಿಯ ತೋಳು ಮಡಚಿ, "ಇಲ್ಲಿ ಕೊಡಿ. ನೀವು ಮಾತಾಡಿ" ಎಂದು ಅವಳ ಕೈಯಿಂದ ಪಾತ್ರೆ ತೆಗೆದುಕೊಂಡರು. ತೆಗೆದುಕೊಂಡವರು ತಿರುಗಿ ನೋಡಲಿಲ್ಲ. ಪಾತ್ರೆಯೆಲ್ಲ ತೊಳೆದರು, ಒರೆಸಿ ಇಟ್ಟರು, ಮಗುವಿನ ಬಟ್ಟೆ ಮಡಚಿದರು, ಕೊನೆಗೆ ರಾಶಿಯ ಪಕ್ಕದಲ್ಲಿ ಕುಳಿತು, ಸೂಜಿಗೆ ದಾರ ಪೋಣಿಸಿ, ಗುಂಡಿ ಹೊಲಿಯತೊಡಗಿದರು. ತಾಯಿ ಮಗುವಿನೊಡನೆ ಚಾಪೆಯ ಮೇಲೆ ಏನೋ ಕೈಯಾಡಿಸುತ್ತಿದ್ದಳು, ಆದರೆ ನಾನು ನೋಡಲು ಹೋದದ್ದು ತಾಯಿಯನ್ನಲ್ಲ, ಶಿಕ್ಷಕರನ್ನು. ಗಡಿಯಾರ ನೋಡಿ ಬರೆದುಕೊಂಡೆ. ಹೊರಡುವಾಗ ಅಜ್ಜಿಯನ್ನು ಕೇಳಿದೆ, ಮೇಷ್ಟ್ರು ಹೇಗೆ ಪಾಠ ಮಾಡುತ್ತಾರೆ ಎಂದು.

"ತಳ ಎಲ್ಲಾ ಫಳಫಳ ಅನ್ನೋ ಹಾಗೆ ಉಜ್ತಾರೆ ತಾಯಿ" ಎಂದರು ಅಜ್ಜಿ. "ಪಾಠದ ವಿಷ್ಯ ನಂಗೇನ್ ಗೊತ್ತು?"

ಆ ಮಾತನ್ನೂ ಸಾಕ್ಷಿಯ ಹೇಳಿಕೆಯೆಂದು ವರದಿಯಲ್ಲಿ ಸೇರಿಸಿದೆ. 'ಶಿಕ್ಷಕರು ಭೇಟಿಯ ಅರವತ್ತು ನಿಮಿಷಗಳ ಪೈಕಿ ಐವತ್ತೆರಡು ನಿಮಿಷಗಳನ್ನು ಪಾತ್ರೆ ತೊಳೆಯುವುದು, ಬಟ್ಟೆ ಮಡಚುವುದು ಹಾಗೂ ಗುಂಡಿ ಹೊಲಿಯುವುದರಲ್ಲಿ ಕಳೆದಿರುತ್ತಾರೆ' ಎಂಬ ವಾಕ್ಯ ನನ್ನದೇ. ಅದನ್ನು ಬರೆದು ಮುಗಿಸಿದಾಗ ನನಗಾದ ಹೆಮ್ಮೆಯನ್ನು ಈಗ ನೆನೆದರೆ ಮೈ ಉರಿಯುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಗಾದೆ ಮಾಡಿದವರು ನನ್ನಂಥವಳನ್ನು ಕಂಡೇ ಮಾಡಿರಬೇಕು. ಒಂದು ವಾರದಲ್ಲಿ ಮೇಷ್ಟ್ರಿಗೆ ಕಾರಣ ಕೇಳಿ ನೋಟಿಸು ಹೋಯಿತು, ವಿಚಾರಣೆ ಮುಗಿಯುವವರೆಗೆ ಮನೆ ಭೇಟಿ ನಿಲ್ಲಿಸಿ ಅವರನ್ನು ದಾಖಲೆ ಕೋಣೆಗೆ ಹಾಕಲಾಯಿತು.

ನನ್ನ ಮೇಲೆ ಅವರು ರೇಗುತ್ತಾರೆಂದು ಕಾದಿದ್ದೆ, ಉತ್ತರವನ್ನೂ ಸಿದ್ಧ ಮಾಡಿಟ್ಟುಕೊಂಡಿದ್ದೆ. ಮೊಗಸಾಲೆಯಲ್ಲಿ ಎದುರಾದಾಗ ಅವರು ಕೇಳಿದ್ದು ಒಂದೇ: "ಗುಂಡಿ ಮನೆಗೆ ಇನ್ಮೇಲೆ ಯಾರು ಹೋಗ್ತಾರೆ ಮೇಡಂ?"

"ನಾನೇ ಹೋಗ್ತೀನಿ."

"ಒಳ್ಳೇದಾಯ್ತು. ಆ ಸಿಂಕು ಕೆಳಗಡೆ ಸೋರತ್ತೆ. ಒಂದು ಬಕೆಟ್ ಇಟ್ಕೊಳ್ಳಿ."

ನನಗೆ ಕೋಪ ನೆತ್ತಿಗೇರಿತು. ನಾನೇನು ಪಾತ್ರೆ ತೊಳೆಯಲು ಹೋಗುತ್ತೇನೆಯೇ ಎಂದುಕೊಂಡು ಸರಸರನೆ ನಡೆದೆ.

ಇಲ್ಲಿ ಒಂದು ವಿಷಯ ಹೇಳಬೇಕು. ಆಗಿನ ನಿಯಮದ ಪ್ರಕಾರ ಮಗುವಿಗೆ ಒಂದೂವರೆ ವರ್ಷವಾದಾಗ ಒಂದು ಸಮೀಕ್ಷೆ. ಮೂವರ ಸಮಿತಿಯ ಮುಂದೆ ಮಗು ತಾನಾಗಿ ಒಂದಾದರೂ ಸನ್ನೆ ಮಾಡಬೇಕು. ಮಾಡದಿದ್ದರೆ ಮನೆಯಲ್ಲಿ ಭಾಷೆ ಬೆಳೆಯುತ್ತಿಲ್ಲವೆಂದು ಬರೆದು, ಅದರ ಹೆಸರನ್ನು ದೂರದ ಊರಿನ ವಸತಿ ಶಾಲೆಯ ಪಟ್ಟಿಗೆ ಸೇರಿಸುತ್ತಿದ್ದರು. ಎರಡೂವರೆ ತುಂಬಿದೊಡನೆ ಮಗು ಮನೆ ಬಿಡಬೇಕು. ಗುಂಡಿಯ ಸಮೀಕ್ಷೆಗೆ ಆರು ತಿಂಗಳಿತ್ತು. ಅವಳ ತಾಯಿ ಆ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ದಾರ ಹೊಲಿದು ಗುರುತು ಮಾಡಿದ್ದಳು.

ನಾನು ಹೋದದ್ದು ದೊಡ್ಡ ಚೀಲ ಹೊತ್ತು. ನೂರಿಪ್ಪತ್ತು ಚಿತ್ರಪಟ, ಎರಡು ಗೊಂಬೆ, ಮಡಚುವ ಚಾರ್ಟು. ಎಂಟು ವಾರ ಪಾಠ ಮಾಡಿದೆ. ತಾಯಿ ಜಾಣೆ, ಅರವತ್ತು ಸನ್ನೆಗಳನ್ನು ಕಲಿತು ಪರೀಕ್ಷೆಗೆ ಕುಳಿತವಳಂತೆ ನನಗೆ ಒಪ್ಪಿಸುತ್ತಿದ್ದಳು. ಒಪ್ಪಿಸಿದ ಕೂಡಲೇ ಅವಳ ಕೈ ಸೂಜಿಗೆ ಹೋಗುತ್ತಿತ್ತು, ಒಲೆಯ ಮೇಲಿನ ಪಾತ್ರೆಗೆ ಹೋಗುತ್ತಿತ್ತು, ಒದ್ದೆ ಬಟ್ಟೆಗೆ ಹೋಗುತ್ತಿತ್ತು. ನನ್ನ ಫಾರಂನಲ್ಲಿ 'ತಾಯಿ ಕಲಿತ ಪದಗಳು' ಎಂಬಲ್ಲಿ ಅರವತ್ತು, 'ಮಗು' ಎಂಬಲ್ಲಿ ಸೊನ್ನೆ.

ಎಂಟನೆಯ ವಾರ ನಾನು ಬೇಗ ಹೋಗಿದ್ದೆ. ಪಾಠ ಶುರುವಾಗುವ ಮುಂಚೆ, ತಾಯಿ ಹಲ್ಲಿನಲ್ಲಿ ದಾರ ಕಚ್ಚಿಕೊಂಡು ಕೆಲಸ ಮುಗಿಸುತ್ತಿದ್ದಳು. ಗುಂಡಿ ನೆಲ ಬಡಿದು ಅವಳತ್ತ ತೋಳೆತ್ತಿತು. ತಾಯಿ ತಲೆಯೆತ್ತಿ ನಕ್ಕು, "ತಡಿ ಕಂದ, ಕೈ ಬಿಡುವಿಲ್ಲ" ಎಂದಳು. ಬಾಯಿಯಲ್ಲಿ ಹೇಳಿದಳು, ಕೈಯಲ್ಲಿ ಸೂಜಿಯಿತ್ತಲ್ಲ. ಮಗು ಸ್ವಲ್ಪ ಹೊತ್ತು ತೋಳನ್ನು ಹಾಗೇ ಹಿಡಿದಿತ್ತು, ಆಮೇಲೆ ಇಳಿಸಿತು. ಇನ್ನೊಮ್ಮೆ ಎತ್ತಿತು, ಇಳಿಸಿತು. ಮೂರನೆಯ ಸಲ ಎತ್ತಲೇ ಇಲ್ಲ. ಗೋಡೆಯ ಕಡೆ ತಿರುಗಿ ತನ್ನ ಕಾಲ್ಬೆರಳು ಹಿಡಿದುಕೊಂಡು ಕುಳಿತಿತು.

ತಾಯಿ ನನ್ನ ಮುಖ ನೋಡಿದಳು. "ಮೇಡಂ, ತಪ್ಪು ತಿಳ್ಕೋಬೇಡಿ. ನೀವು ಹೇಳಿಕೊಟ್ಟಿದ್ದೆಲ್ಲಾ ನಂಗೆ ಬಾಯಿಪಾಠ ಆಗಿದೆ. ಆದ್ರೆ ಮಾತಾಡೋಕೆ ಕೈ ಎಲ್ಲಿದೆ ಹೇಳಿ? ಮೇಷ್ಟ್ರು ಬಂದ್ರೆ ಒಂದ್ ಗಂಟೆ ಈ ಕೈ ನಂದಾಗಿರ್ತಿತ್ತು." ಅಷ್ಟು ಹೇಳಿ ಅವಳು ಅತ್ತುಬಿಟ್ಟಳು. "ಇವಳನ್ನ ಕಳಿಸಿಬಿಡ್ತಾರಾ ಮೇಡಂ?"

ಆ ಮಧ್ಯಾಹ್ನ ನೇರ ದಾಖಲೆ ಕೋಣೆಗೆ ಹೋದೆ. ಮೇಷ್ಟ್ರು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಹಳೆಯ ಕಡತಗಳನ್ನು ವರ್ಷವಾರು ಜೋಡಿಸುತ್ತಿದ್ದರು. ನನ್ನನ್ನು ಕಂಡೊಡನೆ ಕೈಯಲ್ಲಿದ್ದ ಕಡತ ಕೆಳಗಿಟ್ಟರು. ನಾನು ಜಗಳಕ್ಕೆ ಹೋದವಳ ಹಾಗೆಯೇ ಕೇಳಿದೆ, ನೀವೇಕೆ ಇದನ್ನು ನೋಟಿಸಿನ ಉತ್ತರದಲ್ಲಿ ಬರೆಯಲಿಲ್ಲ ಎಂದು.

"ಸೇರಿದ ವರ್ಷವೇ ಅರ್ಧ ಪುಟ ಬರೆದಿದ್ದೆ ಮೇಡಂ. 'ಇದು ಶಿಕ್ಷಕರ ಕೆಲಸವಲ್ಲ' ಅಂತ ವಾಪಸ್ ಬಂತು. ಆಮೇಲೆ ಬರೆಯೋದು ಬಿಟ್ಟೆ, ಮಾಡೋದು ಬಿಡ್ಲಿಲ್ಲ." ಕರವಸ್ತ್ರವನ್ನು ಮೂಗಿನಿಂದ ಕೆಳಗೆಳೆದು ಮುಂದುವರಿಸಿದರು. "ನಮ್ಮಕ್ಕ ಚಿಕ್ಕವಳಿದ್ದಾಗ ದಿನಾ ಅಮ್ಮನ ಹಿಂದೆ ನಿಂತು ಬಟ್ಟೆ ಎಳೀತಿದ್ಲು. ಅಮ್ಮಂಗೆ ಸನ್ನೆ ಬರ್ತಿತ್ತು, ಎಲ್ಲಾ ಬರ್ತಿತ್ತು. ಆದ್ರೆ ಹತ್ತು ಜನರ ಮನೆ. ಒಂದ್ ಕೈಲಿ ಸೌಟು, ಇನ್ನೊಂದ್ ಕೈಲಿ ನಾನು. 'ತಡಿ, ಕೈ ಬಿಡುವಾಗ್ಲಿ' ಅಂತಿದ್ರು. ನಮ್ಮಮ್ಮ ಕೆಟ್ಟವರಲ್ಲ ಮೇಡಂ. ಅಮ್ಮ ಹೋಗೋವರೆಗೂ ಕೈ ಬಿಡುವಾಗ್ಲಿಲ್ಲ ಅಷ್ಟೇ. ಅಕ್ಕ ಏನ್ ಹೇಳ್ಬೇಕು ಅಂತಿದ್ಲೋ ಅಮ್ಮಂಗೆ ಹೇಳ್ಲೇ ಇಲ್ಲ."

ಅವರು ಕರವಸ್ತ್ರ ಮತ್ತೆ ಮೂಗಿಗೇರಿಸಿಕೊಂಡು, "ನಾನು ವಾರಕ್ಕೊಂದ್ ಸಲ ಬರೋ ಮನುಷ್ಯ. ಗುಂಡಿ ಜೊತೆ ನಾನ್ಯಾಕೆ ಮಾತಾಡ್ಲಿ? ಅವರಮ್ಮ ಮಾತಾಡ್ಲಿ" ಎಂದು ಕಡತಕ್ಕೆ ಕೈ ಹಾಕಿದರು.

ಮುಂದಿನ ವಾರ ನಾನು ಚೀಲ ಬಿಟ್ಟು ಹೋದೆ. ಸಿಂಕಿನ ಕೆಳಗೆ ಬಕೆಟ್ ಇಟ್ಟೆ, ತೋಳು ಮಡಚಿದೆ, ತಾಯಿಯ ಕೈಯಿಂದ ಪಾತ್ರೆ ಕಿತ್ತುಕೊಂಡೆ. ಅಜ್ಜಿಗೆ ತಮಾಷೆಯೋ ತಮಾಷೆ. "ಏನ್ ಮೇಡಂ, ನಿಮ್ಮ ಮೇಲೂ ಒಂದ್ ಕಾಗದ ಬರೆಸ್ಲಾ?" ಎಂದರು. ಹದಿನೈದು ನಿಮಿಷ ನನ್ನ ಕೆಲಸ ನೋಡಿ, "ಮೇಷ್ಟ್ರು ತಳ ಉಜ್ತಿದ್ರು. ನೀವು ಬರೀ ಮೇಲ್ಮೇಲೆ ಸವರ್ತೀರಿ" ಎಂಬ ತೀರ್ಪನ್ನೂ ಕೊಟ್ಟರು. ಅದರ ನಡುವೆ ನಾನು ಒಂದು ಪಿಂಗಾಣಿ ತಟ್ಟೆ ಒಡೆದೆ. ತಾಯಿ ಸದ್ದಿಗೆ ಬೆಚ್ಚಿದಳು, ಗುಂಡಿಗೆ ಅದು ಕೇಳಲಿಲ್ಲ. ಅದರ ಎರಡು ಕಣ್ಣೂ ತಾಯಿಯ ಬರಿದಾದ ಕೈಗಳ ಮೇಲೆ ನೆಟ್ಟಿದ್ದವು. ತಿರುಗಿ ನೋಡಬಾರದೆಂದು ಎಷ್ಟು ಅಂದುಕೊಂಡರೂ ನಾನು ನೋಡಿದೆ.

ಒಂದು ಗಂಟೆಯೇನೋ ಆಯಿತು, ಉಳಿದ ದಿನಗಳ ಗತಿ? ಅದನ್ನು ಬಗೆಹರಿಸಿದವರು ಅಜ್ಜಿ. ಮೂರನೆಯ ಭೇಟಿಯ ಹೊತ್ತಿಗೆ ಅವರಿಗೆ ನನ್ನ ಪಾತ್ರೆ ತೊಳೆಯುವ ಚಂದ ನೋಡಿ ಸಾಕಾಗಿತ್ತು. ದಪ್ಪ ಕನ್ನಡಕ ಏರಿಸಿ, ಸೊಸೆಯ ಕೈಯಿಂದ ಅಂಗಿ ಎಳೆದುಕೊಂಡು, "ಕೊಡಿಲ್ಲಿ, ನಂಗೇನ್ ಗುಂಡಿ ಹೊಲಿಯೋಕೆ ಬರಲ್ವಾ? ದಿನಾ ಬೆಳಿಗ್ಗೆ ಒಂದ್ ಗಂಟೆ ನಾನು ಹೊಲೀತೀನಿ. ನೀನು ಆ ಗುಂಡೀನ ನೋಡ್ಕೋ" ಎಂದರು. ಅಜ್ಜಿಯ ಹೊಲಿಗೆ ಸೊಟ್ಟ. ಕಾರ್ಖಾನೆಯವರು ಎರಡು ಸಲ ವಾಪಸ್ ಕಳಿಸಿದರು. ಅಜ್ಜಿ ಬಿಚ್ಚಿ ಮತ್ತೆ ಹೊಲಿದರು.

ನಾನು ನಿರ್ದೇಶಕರಿಗೆ ಎರಡನೆಯ ವರದಿ ಬರೆದೆ. 'ಹಿಂದಿನ ವರದಿಯಲ್ಲಿ ನಾನು ಕಂಡದ್ದು ನಿಜ, ತಿಳಿದದ್ದು ತಪ್ಪು' ಎಂದು. ಆಗಿನ್ನೂ ಪ್ರೊಬೇಷನ್ ಮುಗಿಯದ ಹುಡುಗಿ ನಾನು, ಆದರೂ ಸಹಿ ಹಾಕಿ ಕೊಟ್ಟೆ. ನಿರ್ದೇಶಕರು ಓದಿ, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ಸಮೀಕ್ಷೆ ಆಗ್ಲಿ. ಮಗು ಏನಾದ್ರೂ ಹೇಳಿದ್ರೆ ನೋಡೋಣ" ಎಂದರು. ಹೀಗೆ ಗುಂಡಿಯ ಮನೆವಾಸವೂ ಮೇಷ್ಟ್ರ ನೌಕರಿಯೂ ಒಂದೇ ದಿನಕ್ಕೆ, ಒಂದೂವರೆ ವರ್ಷದ ಕೂಸಿನ ಬೆರಳಿಗೆ ಬಂದು ನಿಂತವು.

ಸಮೀಕ್ಷೆಯ ದಿನ ಬಿರುಬಿಸಿಲು. ಕಿಟಕಿ ಮುಚ್ಚಿದ ಸಣ್ಣ ಕೋಣೆ, ಉದ್ದ ಮೇಜು, ಮೇಜಿನಾಚೆ ನಿರ್ದೇಶಕರೂ ಸೇರಿ ಮೂವರು. ಈಚೆ ಗುಂಡಿಯನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿದ್ದರು. ಚೆಂಡು ತೋರಿಸಿದರು, ಬಟ್ಟಲು ತೋರಿಸಿದರು, ನಾಯಿಯ ಚಿತ್ರ ತೋರಿಸಿದರು. ಗುಂಡಿ ಒಂದನ್ನೂ ನೋಡಲಿಲ್ಲ, ತಾಯಿಯನ್ನೇ ನೋಡುತ್ತಿತ್ತು. ತಾಯಿಯೋ, ನಿಲ್ಲಲು ಹೇಳಿದ ಜಾಗದಲ್ಲಿ ನಿಂತಿದ್ದಳು: ಒಂದು ಕೈಯಲ್ಲಿ ಮಗುವಿನ ಚೀಲ ಮತ್ತು ನೀರಿನ ಬಾಟಲಿ, ಇನ್ನೊಂದರಲ್ಲಿ ಆಸ್ಪತ್ರೆಯ ಕಡತ, ನೋಂದಣಿ ಚೀಟಿ, ಮಡಚಿದ ಹೊದಿಕೆ. ಅಧಿಕಾರಿಗಳ ಮುಂದೆ ಅದನ್ನೆಲ್ಲ ಕೆಳಗಿಡಲು ಅವಳಿಗೆ ಧೈರ್ಯವಿಲ್ಲ. ಇಷ್ಟು ತಿಂಗಳು ಪಾತ್ರೆ ಉಜ್ಜಿದ ನಾನು ಪಕ್ಕದಲ್ಲೇ ಕುಳಿತು ಬೆವರುತ್ತಿದ್ದೆನೇ ವಿನಾ ನನಗೂ ಹೊಳೆಯಲಿಲ್ಲ. ಸಮಿತಿಯವರೊಬ್ಬರು ಪೆನ್ನಿನ ಮುಚ್ಚಳ ತೆಗೆದರು.

ಆಗ ಬಾಗಿಲಲ್ಲಿ ಮೇಷ್ಟ್ರು ಕಾಣಿಸಿಕೊಂಡರು. ಯಾರೋ ಹಳೆಯ ಕಡತ ತರಲು ಹೇಳಿದ್ದರು. ಒಂದು ಸಲ ಕೋಣೆ ನೋಡಿದರು. ತಂದಿದ್ದ ಕಡತವನ್ನು ನೆಲದ ಮೇಲಿಟ್ಟು, ಯಾರ ಅಪ್ಪಣೆಗೂ ಕಾಯದೆ ಒಳಗೆ ಬಂದು, ತಾಯಿಯ ಮುಂದೆ ಕೈ ಚಾಚಿದರು.

"ಇಲ್ಲಿ ಕೊಡಿ. ನೀವು ಮಾತಾಡಿ."

ಚೀಲ, ಬಾಟಲಿ, ಚೀಟಿ, ಹೊದಿಕೆ ಎಲ್ಲವೂ ಮೇಷ್ಟ್ರ ತೋಳಿಗೆ ಹೋದವು. ತಾಯಿ ಮಗುವಿನ ಎದುರಿಗೆ ಬಂದು ಮಂಡಿಯೂರಿ, ಎದೆಯ ಬಳಿ ಗುಂಡಿ ಹಾಕುವಂತೆ ಎರಡು ಬೆರಳು ಕೂಡಿಸಿದಳು. ಅದು ಮೇಷ್ಟ್ರು ಆ ಮಗುವಿಗೆ ಇಟ್ಟ ಸನ್ನೆಯ ಹೆಸರು. ಆಮೇಲೆ, ಏನು ಬೇಕು ಎಂದು ಕೇಳಿದಳು. ಗುಂಡಿ ಒಂದು ಗಳಿಗೆ ಅವಳ ಕೈ ನೋಡಿತು. ಬಲಗೈಯನ್ನು ತಲೆಯ ಮೇಲೆತ್ತಿ, ಪುಟ್ಟ ಮುಷ್ಟಿಯನ್ನು ಗರಗರ ತಿರುಗಿಸಿತು. ತಿರುಗಿಸಿ ಚಾವಣಿಯತ್ತ ಬೆರಳು ತೋರಿಸಿತು.

"ಏನಂತೆ?" ಎಂದರು ನಿರ್ದೇಶಕರು.

"ಸೆಖೆ ಆಗ್ತಿದೆಯಲ್ಲ ಸಾರ್" ಎಂದಳು ತಾಯಿ, ಅಳುತ್ತ ನಗುತ್ತ. "ಫ್ಯಾನ್ ಹಾಕಿ ಅಂತಿದಾಳೆ."

ನಾವೆಲ್ಲ ತಲೆಯೆತ್ತಿ ನೋಡಿದೆವು. ಫ್ಯಾನು ನಿಂತಿತ್ತು. ಓದು ಬರಹ ಬಲ್ಲ ನಾಲ್ಕು ಜನ ಅರ್ಧ ಗಂಟೆಯಿಂದ ಬೆವರು ಒರೆಸಿಕೊಳ್ಳುತ್ತ ಕುಳಿತಿದ್ದೆವು. ಬಾಯಿಬಿಟ್ಟು ಕೇಳುವ ಬುದ್ಧಿ ಒಬ್ಬರಿಗೂ ಬಂದಿರಲಿಲ್ಲ. ನಿರ್ದೇಶಕರು ತಾವೇ ಎದ್ದು ಹೋಗಿ ಸ್ವಿಚ್ಚು ಹಾಕಿದರು. ಗುಂಡಿ ಚಾವಣಿ ನೋಡಿ ಕೇಕೆ ಹಾಕಿತು. ಮೇಷ್ಟ್ರ ಎರಡು ಕೈಯೂ ತುಂಬಿದ್ದರಿಂದ ಕಣ್ಣೊರೆಸಿಕೊಳ್ಳಲು ಅವರಿಗೆ ಆಗಲಿಲ್ಲ.

ಮರುದಿನವೇ ಮೇಷ್ಟ್ರು ಮನೆ ಭೇಟಿಗೆ ಮರಳಿದರು. ನಾನು ಭೇಟಿಯ ಫಾರಂ ಹೊಸದಾಗಿ ಮಾಡಿಸಿದೆ, ನನ್ನಿಂದ ಇನ್ನೇನಾದೀತು? ಅದರ ಮೊದಲ ಪ್ರಶ್ನೆ, 'ಭೇಟಿಯ ವೇಳೆ ತಾಯಿಯ ಕೈ ಬಿಡುವಾಗಿತ್ತೇ?' ಎಂಬುದು. ಇವತ್ತಿಗೂ ಅದೇ ಫಾರಂ ನಡೆಯುತ್ತಿದೆ, ಎಳೆಯರಿಗೆ ಅದರ ಕಥೆ ಗೊತ್ತಿರಲಿಕ್ಕಿಲ್ಲ.

ಆ ಮೇಲಿನ ವರ್ಷಗಳಲ್ಲಿ ಮೇಷ್ಟ್ರು ಮಾಡದ ಕೆಲಸವಿಲ್ಲ. ಅವಳಿ ಮಕ್ಕಳ ಮನೆಯಲ್ಲಿ ಸ್ನಾನದ ನೀರು ಹೊತ್ತರು. ಬೇಕರಿಯವನೊಬ್ಬ ತನ್ನ ಮಗನೊಡನೆ ಮಾತಾಡಲೆಂದು ಬೆಳಗಿನ ಬ್ರೆಡ್ಡಿನ ಹಿಟ್ಟು ನಾದಿದರು. ಹಾಸಿಗೆ ಹಿಡಿದ ಮಾವನಿಗೆ ಗಂಜಿ ಕುಡಿಸಿ ಸೊಸೆಯನ್ನು ಕೂಸಿನ ಬಳಿ ಕಳಿಸಿದರು. ಎಲ್ಲವೂ ಚೆನ್ನಾಗಿಯೇ ಆಯಿತೆಂದಲ್ಲ. ಆ ಬ್ರೆಡ್ಡು ಉಬ್ಬಲಿಲ್ಲವೆಂದು ಬೇಕರಿಯವನು ಇಂದಿಗೂ ಹೇಳುತ್ತಾನೆ. ನನಗೆ ಮಗಳು ಹುಟ್ಟಿದಾಗ ಊರೆಲ್ಲ ಗಿಲಕಿ, ಟೋಪಿ ತಂದಿತು. ಮೇಷ್ಟ್ರು ಬರಿಗೈಯಲ್ಲಿ ಬಂದು, ನೇರ ಬಚ್ಚಲಿಗೆ ಹೋಗಿ, ನೆನೆಹಾಕಿದ್ದ ಬಟ್ಟೆಗೆ ಕೈ ಹಾಕಿದರು. ಅಯ್ಯೋ ನನ್ನ ಮಗಳಿಗೆ ಕಿವಿ ಕೇಳುತ್ತದೆ ಮೇಷ್ಟ್ರೇ ಎಂದೆ. "ಕೇಳ್ಲಿ ಬಿಡಿ. ಅವಳಿಗೂ ಅಮ್ಮನ ಕೈ ಬೇಡ್ವಾ?" ಎಂದರು. ನಾನು ಆ ಒಂದು ಗಂಟೆ ಮಗಳ ಮುಖ ನೋಡಿದಷ್ಟು ಅದಕ್ಕೆ ಮೊದಲು ನೋಡಿರಲಿಲ್ಲ.

ಗುಂಡಿಗೆ ಈಗ ಇಪ್ಪತ್ತೇಳು. ಮುದ್ರಣಾಲಯದಲ್ಲಿ ಪುಟ ವಿನ್ಯಾಸ ಮಾಡುತ್ತಾಳೆ. ಈ ಸಂಪುಟದ ಪುಟಗಳನ್ನು ಜೋಡಿಸುತ್ತಿರುವವಳೂ ಅವಳೇ. ಗುಂಡಿ, ಫ್ಯಾನಿನ ಪ್ರಸಂಗವನ್ನು ಜಾ​ಗ ಸಾಲದೆಂದು ಕತ್ತರಿಸಿದೆಯೋ, ನೋಡು ಮತ್ತೆ.

ಕಳೆದ ತಿಂಗಳ ಕೊನೆಯ ದಿನ ಮೇಷ್ಟ್ರ ಸೇವೆ ಮುಗಿಯಿತು. ಕೇಂದ್ರದ ಸಭಾಂಗಣದಲ್ಲಿ ಬೀಳ್ಕೊಡುಗೆ. ಮೂವತ್ತನಾಲ್ಕು ವರ್ಷದ ಕೂಸುಗಳು, ಈಗ ಮೀಸೆ ಬಂದವರು, ಮಕ್ಕಳನ್ನು ಎತ್ತಿಕೊಂಡವರು, ಮುಂದಿನ ಸಾಲುಗಳಲ್ಲಿ ಕುಳಿತಿದ್ದರು. ಅವರ ನಡುವೆ ತಲೆ ಪೂರ್ತಿ ಬೆಳ್ಳಗಾದ ಒಬ್ಬ ಹೆಂಗಸು, ಮೇಷ್ಟ್ರ ಅಕ್ಕ. ಸಿಬ್ಬಂದಿಯ ಪರವಾಗಿ ಹೂಗುಚ್ಛ ಕೊಟ್ಟರು, ತಾಯಂದಿರ ಪರವಾಗಿ ಇನ್ನೊಂದು ಹೂಗುಚ್ಛ, ಆಡಳಿತ ಮಂಡಳಿಯಿಂದ ಗೋಡೆ ಗಡಿಯಾರದ ಪೆಟ್ಟಿಗೆ, ಹಳೆಯ ವಿದ್ಯಾರ್ಥಿಗಳಿಂದ ಚೌಕಟ್ಟು ಹಾಕಿದ ಚಿತ್ರ. ಇವೆಲ್ಲದರ ಮೇಲೆ, ಎರಡು ಕೈಯಲ್ಲೂ ಎತ್ತಬೇಕಾದ ಹಿತ್ತಾಳೆಯ ಫಲಕವನ್ನು ತಂದು ಪೇರಿಸಿದವಳು ಯಾರೆಂದುಕೊಂಡಿರಿ? ನಾನೇ. ಕಲಿತದ್ದೆಲ್ಲ ಅಷ್ಟೇ.

ಮೇಷ್ಟ್ರು ಮಾತಾಡಬೇಕೆಂದು ಕರೆ ಬಂತು. ಅವರು ಗಲ್ಲದವರೆಗೂ ಉಡುಗೊರೆ ಹೊತ್ತು ನಿಂತಿದ್ದರು. ಬಾಯಿ ತೆರೆದರು, ಮುಂದಿನ ಸಾಲುಗಳನ್ನು ನೋಡಿದರು, ಮುಚ್ಚಿದರು. ಬಾಯಲ್ಲಿ ಮಾತಾಡಿದ್ದರೆ ನಮಗೆ ಕೇಳುತ್ತಿತ್ತು, ಆ ಸಾಲುಗಳವರಿಗೆ ಕೇಳುತ್ತಿರಲಿಲ್ಲ. ಕೊಟ್ಟವರ ಎದುರಿಗೇ ಕೊಟ್ಟದ್ದನ್ನು ಕೆಳಗಿಡಲು ಮೇಷ್ಟ್ರಿಗೂ ಆಗದೆಂದು ಕಾಣುತ್ತದೆ. ಸಭಾಂಗಣ ಕಾಯುತ್ತಿತ್ತು.

ಮೂರನೆಯ ಸಾಲಿನಿಂದ ಒಬ್ಬಳು ಎದ್ದು ವೇದಿಕೆಯ ಮೆಟ್ಟಿಲು ಹತ್ತಿದಳು. ಗುಂಡಿಯ ತಾಯಿ. ಕೂದಲು ನರೆತಿದೆ, ಹೆಬ್ಬೆರಳಿನಲ್ಲಿ ಸೂಜಿಯ ಗುರುತು ಹಾಗೇ ಇದೆ. ಮೇಷ್ಟ್ರ ಮುಂದೆ ನಿಂತು ಎರಡೂ ಕೈ ಚಾಚಿದಳು.

"ಇಲ್ಲಿ ಕೊಡಿ ಮೇಷ್ಟ್ರೇ. ನೀವು ಮಾತಾಡಿ."

ಫಲಕ, ಪೆಟ್ಟಿಗೆ, ಚಿತ್ರ, ಹೂವು ಒಂದೊಂದಾಗಿ ಅವಳ ತೋಳಿಗೆ ಹೋದವು. ಬರಿದಾದ ಕೈಗಳನ್ನು ಮೇಷ್ಟ್ರು ಒಂದು ಕ್ಷಣ ಹಾಗೇ ನೋಡಿಕೊಂಡರು. ಅವರ ಮೊದಲ ಮಾತು ಅಧ್ಯಕ್ಷರಿಗಲ್ಲ, ನಮಗಲ್ಲ, ಅಕ್ಕನಿಗೆ. ನನಗೂ ಸನ್ನೆ ಬರುವುದರಿಂದ ಓದಿಕೊಂಡೆ: "ಅಕ್ಕಾ, ಇವತ್ತಿಂದ ನನ್ನ ಕೈ ಬಿಡುವು. ಏನ್ ಹೇಳ್ಬೇಕೋ ಹೇಳು."

ಅರವತ್ತು ದಾಟಿದ ಆ ಅಕ್ಕ ಎದ್ದು ನಿಂತು ಸನ್ನೆಯಲ್ಲಿ ಕೇಳಿದರು: "ಶುರುವಿಂದ ಹೇಳ್ಲಾ?"

ಮುಂದಿನ ಸಾಲುಗಳೆಲ್ಲ ನಕ್ಕವು. ಹಿಂದಿನವರಿಗೆ ಏನಾಯಿತೆಂದು ತಿಳಿಯಲಿಲ್ಲ. ನಾನು ಅವರಿಗೆ ಬಾಯಲ್ಲಿ ಹೇಳಲು ಹೋದೆ, ಅಷ್ಟರಲ್ಲಿ ಅಕ್ಕನ ಕೈ ಮುಂದಿನ ಮಾತಿಗೆ ಹೋಗಿತ್ತು.

ಮೇಷ್ಟ್ರೇ, ಇದು ನಿಮ್ಮ ಫಾರಂ ಮೇಡಂ ಬರೆದ ಮೂರನೆಯ ವರದಿ ಎಂದು ಸ್ವೀಕರಿಸಿ. ನಿವೃತ್ತಿಯ ಮರುವಾರವೇ ನೀವು ಹೊಸ ಕೂಸೊಂದರ ಮನೆಯಲ್ಲಿ ನೆಲ ಒರೆಸುತ್ತಿದ್ದಿರೆಂದು ಸುದ್ದಿ ಬಂದಿದೆ. ಈ ಸಲ ದೂರು ಬರೆಯುವುದಿಲ್ಲ. ಅಕ್ಕನ ಮಾತನ್ನು ಶುರುವಿನಿಂದ ಕೊನೆಯವರೆಗೆ ಕೇಳಿಸಿಕೊಳ್ಳುವಷ್ಟು ಆಯುಷ್ಯವೂ, ಅದರ ನಡುನಡುವೆ ಇನ್ನಷ್ಟು ತಾಯಂದಿರ ಕೈ ಬಿಡಿಸುವಷ್ಟು ಬಲವೂ, ವರ್ಷಕ್ಕೊಮ್ಮೆಯಾದರೂ ಒಂದು ಲೋಟ ಬಿಸಿ ಟೀಯೂ ನಿಮಗೆ ದಕ್ಕಲಿ.

ಕೊನೆಯದಾಗಿ ಸಂಘಟಕರಲ್ಲಿ ಒಂದು ಬಿನ್ನಹ. ಈ ಸಂಪುಟ ನಾನೂರು ಪುಟದ್ದು, ದಪ್ಪ ರಟ್ಟಿನದು, ಎರಡು ಕೈ ಬೇಕು. ಬಿಡುಗಡೆಯ ದಿನ ದಯವಿಟ್ಟು ಇದನ್ನು ಮೇಷ್ಟ್ರ ಕೈಗೆ ಕೊಡಬೇಡಿ. ಮೇಜಿನ ಮೇಲಿಡಿ. ಎದುರಿಗೆ ಅಕ್ಕ ಕುಳಿತಿರುತ್ತಾರೆ.